ಕಣ್ಣಂಚಿನ ಸೌಂದರ್ಯ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮುನ್ನ

ಕಳೆದ ಶ್ರಾವಣದಲ್ಲಿ ಶ್ರೀಮಠದ ದರ್ಶನಕ್ಕೆ ಬಂದಿದ್ದ ಸದ್ಭಕ್ತ ದಂಪತಿಗಳು ತಮ್ಮ ಮಗಳನ್ನು ನಮ್ಮಲ್ಲಿಗೆ ಕರೆತಂದರು. ಕಣ್ಣಿನ ಹೊರತುದಿ ಇಳಿಬಿದ್ದಂತೆ ಕಾಣುವುದೆಂದು ವರನ ಕಡೆಯವರು ಆಡಿದ ಮಾತು ಆಕೆಯ ಮನಸ್ಸಿಗೆ ನಾಟಿತ್ತು. ಮದುವೆಗೆ ಮುನ್ನ ಆ ತುದಿಯನ್ನು ಎತ್ತಿಸಿಕೊಳ್ಳಬೇಕೆಂಬುದು ಆಕೆಯ ಹಟ. ಮಾಡಿಸಬಹುದೇ ಎಂಬುದು ತಂದೆತಾಯಿಗಳ ಪ್ರಶ್ನೆ.

ಆಯುರ್ವೇದವು ಶಸ್ತ್ರಕರ್ಮದ ವಿರೋಧಿಯಲ್ಲ. ತುಂಡಾದ ಮೂಗನ್ನು ಮರಳಿ ರೂಪಿಸುವ ವಿಧಾನವನ್ನು ಸುಶ್ರುತಸಂಹಿತೆಯೇ ವಿವರಿಸಿದೆ. ಆದರೆ ಅದೇ ಗ್ರಂಥವು ಕಣ್ಣಿನ ಹೊರತುದಿಯ ಬಳಿಯ 'ಅಪಾಂಗ'ವನ್ನು ಮರ್ಮಸ್ಥಾನವೆಂದು ಗಣಿಸಿ, ಅಲ್ಲಿನ ಆಘಾತದಿಂದ ದೃಷ್ಟಿಗೆ ಹಾನಿಯಾಗುವುದೆಂದು ಎಚ್ಚರಿಸಿದೆ.

ಹೊರತುದಿಯಲ್ಲಿ ಎರಡೂ ರೆಪ್ಪೆಗಳು ಗಟ್ಟಿಯಾದ ತಂತುವಿನಿಂದ ಕಣ್ಣುಗೂಡಿನ ಎಲುಬಿಗೆ ಬಿಗಿದುಕೊಂಡಿವೆ. ಆ ಬಿಗಿಯಿಂದಲೇ ಕೆಳರೆಪ್ಪೆ ಕಣ್ಣುಗುಡ್ಡೆಗೆ ಒತ್ತಿ ನಿಲ್ಲುತ್ತದೆ, ಕಣ್ಣೀರು ಸಮನಾಗಿ ಹರಡುತ್ತದೆ. ತುದಿಯನ್ನು ಎತ್ತುವಾಗ ಸಾಮಾನ್ಯವಾಗಿ ಈ ತಂತುವನ್ನು ಬಿಡಿಸಿ ಮೇಲಕ್ಕೆ ಹೊಲಿಯುತ್ತಾರೆ. ನುರಿತವರ ಕೈಯಲ್ಲಿಯೂ ಗಾಯದ ಕಲೆ, ಎರಡು ಕಣ್ಣುಗಳ ನಡುವೆ ಏರುಪೇರು, ಕಣ್ಣು ಒಣಗುವಿಕೆ, ಕೆಳರೆಪ್ಪೆ ಹೊರಮಗುಚುವಿಕೆ ಉಂಟಾಗಬಹುದು. ಕೆಟ್ಟದ್ದನ್ನು ಸರಿಪಡಿಸುವುದು ಮೊದಲಿನ ಶಸ್ತ್ರಚಿಕಿತ್ಸೆಗಿಂತ ಕಠಿಣ.

ಹಾಗೆಂದು ಇದು ಎಲ್ಲರಿಗೂ ಅನಗತ್ಯವಲ್ಲ. ಮುಪ್ಪಿನಲ್ಲಿ ಕೆಳರೆಪ್ಪೆ ಜೋತು ಸದಾ ನೀರು ಸುರಿಯುವವರಿಗೆ, ಅರ್ದಿತವಾತದಿಂದ ಅಂದರೆ ಮುಖದ ಪಾರ್ಶ್ವವಾಯುವಿನಿಂದ ಕಣ್ಣು ಮುಚ್ಚದವರಿಗೆ ಇದೇ ಬಗೆಯ ಶಸ್ತ್ರಚಿಕಿತ್ಸೆ ಕಣ್ಣನ್ನು ಕಾಯಬಲ್ಲದು. ಅಂಥವರು ಹಿಂಜರಿಯಬಾರದು. ರೆಪ್ಪೆ ಹಠಾತ್ತನೆ ಜೋತುಬಿದ್ದರೆ ಅದು ಸೌಂದರ್ಯದ ವಿಷಯವೇ ಅಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರೂಪಕ್ಕಾಗಿಯೇ ಬಯಸುವವರು ಮೊದಲು ಕೇಳಿಕೊಳ್ಳಬೇಕಾದುದಿಷ್ಟು: ಈ ಬಯಕೆ ನನ್ನದೋ, ಪರರ ಮಾತಿನದೋ? ಮಾಡುವವರು ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದ ವೈದ್ಯರೋ? ಕಣ್ಣೀರಿನ ಪಸೆಯ ಪರೀಕ್ಷೆ ಆಗಿದೆಯೋ? ಫಲ ಎಣಿಸಿದಂತಾಗದಿದ್ದರೆ ಸಹಿಸಬಲ್ಲೆನೋ?

ತುಪ್ಪ, ಅಂಜನ, ಅಭ್ಯಂಗಗಳಿಂದ ಕಣ್ಣಂಚು ಮೇಲೇರುವುದೆಂದು ನಾವು ಆ ಮಗಳಿಗೆ ಸುಳ್ಳು ಭರವಸೆ ನೀಡಲಿಲ್ಲ. ನೇತ್ರತಜ್ಞರಲ್ಲಿಗೆ ಕಳುಹಿಸಿದೆವು. ರೆಪ್ಪೆಗಳಲ್ಲಿ ದೋಷವಿರಲಿಲ್ಲ, ಆದರೆ ಕಣ್ಣಿನ ಪಸೆ ಕಡಿಮೆಯಿತ್ತು. ಇಂಥ ಕಣ್ಣಿಗೆ ಶಸ್ತ್ರ ತಾಗಿಸಿದರೆ ಉರಿ ಹೆಚ್ಚಬಹುದೆಂದು ಅವರೂ ತಿಳಿಹೇಳಿದರು. ಆರು ತಿಂಗಳು ಕಾಯಲು ಆಕೆ ಒಪ್ಪಿದಳು. ಮುಂದಿನ ನಿರ್ಧಾರ ಆಕೆಯದೇ.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿ ನೆಡುವ ನಮಗೆ ಕಣ್ಣು ಮೊದಲು ಸಾಧನ, ಆಮೇಲೆ ಅಲಂಕಾರ. ತಂದೆಗೆ ಮಾತ್ರ ಒಂದು ಮಾತು ಹೇಳಿದೆವು: "ಮಗಳ ಕಣ್ಣನ್ನು ಪರೀಕ್ಷಿಸಿದ್ದಾಯಿತು. ಆ ಮಾತನ್ನಾಡಿದ ಮನೆತನವನ್ನೂ ಒಮ್ಮೆ ಪರೀಕ್ಷಿಸಿ ನೋಡಿರಿ."