ರೋಗದ ಹೆಸರನ್ನು ಬಿಡಿಸುವ ಬಗೆ

ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯ ಕೈಯಲ್ಲಿ ಒಂದು ಚೀಟಿಯಿರುತ್ತದೆ. ಅದರ ಮೇಲೆ ರೋಗದ ಹೆಸರನ್ನು ಬರೆದಿರುತ್ತಾರೆ. ಮನೆಯವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನೂ ಅಕ್ಷರಗಳನ್ನು ಕೂಡಿಸಿ ಓದಬಲ್ಲನೇ ಹೊರತು ಅರ್ಥವನ್ನು ಹೇಳಲಾರ. ಹೆಸರು ಉದ್ದವಾದಷ್ಟೂ ರೋಗವು ಘೋರವಾದುದೆಂಬ ಅಂಜಿಕೆ ಎಲ್ಲರಲ್ಲಿಯೂ ಹುಟ್ಟುತ್ತದೆ. ಆದರೆ ಹೆಸರಿನ ಉದ್ದಕ್ಕೂ ರೋಗದ ಗಂಡಾಂತರಕ್ಕೂ ಯಾವ ಸಂಬಂಧವೂ ಇಲ್ಲ. ‘ಗ್ಯಾಸ್ಟ್ರೊಎಂಟರೈಟಿಸ್’ ಎಂಬ ಮಾರುದ್ದದ ಹೆಸರು ವಾಂತಿಭೇದಿಯದು. ಮೈಯಲ್ಲಿನ ನೀರು ಬತ್ತದಂತೆ ನೋಡಿಕೊಂಡರೆ ಅದು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ‘ರೇಬಿಸ್’ ಎಂಬುದು ಚಿಕ್ಕ ಹೆಸರು; ಅದರ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ತೀರ ವಿರಳ.

ಈ ಪದಗಳನ್ನು ಕಲಿಯುವುದೇ ಕೆಲವರಿಗೆ ವಿದ್ಯೆಯ ಮೊದಲ ಮೆಟ್ಟಿಲು. ಅಮೆರಿಕದ ಅನೇಕ ಕಾಲೇಜುಗಳಲ್ಲಿ ವೈದ್ಯಕೀಯ ಪರಿಭಾಷೆಯೆಂಬುದು ಒಂದು ಪ್ರತ್ಯೇಕ ವಿಷಯ. ದಾದಿಯರಾಗುವವರು, ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವರು, ಆಸ್ಪತ್ರೆಯ ದಾಖಲೆಗಳನ್ನು ಬರೆದಿಡುವವರು ಅದನ್ನು ಆರಂಭದಲ್ಲಿಯೇ ಓದುತ್ತಾರೆ. ಈಚಿನ ವರ್ಷಗಳಲ್ಲಿ ಹಲವರು ಅಂತರ್ಜಾಲದ ಮೂಲಕ, ತಮ್ಮ ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಈ ಪಾಠವನ್ನು ಕಲಿಯುತ್ತಿದ್ದಾರೆ. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ನರ್ಸಿಂಗ್ ಶಿಕ್ಷಣಕ್ಕೆ ಸೇರುವ ವಿದ್ಯಾರ್ಥಿನಿಗೆ ಇವೇ ಪದಗಳು ಶರೀರಶಾಸ್ತ್ರದ ಪುಸ್ತಕದಲ್ಲಿ ಗುಂಪುಗುಂಪಾಗಿ ಎದುರಾಗುತ್ತವೆ. ಎರಡೂ ಕಡೆಯವರು ಮೊದಲು ಮಾಡುವ ಕೆಲಸ ಒಂದೇ: ಉರು ಹೊಡೆಯುವುದು. ಇಂತಹ ಪದಗಳು ಸಾವಿರಾರು ಇರುವುದರಿಂದ ಉರು ಹೊಡೆದವರು ಬೇಗನೆ ಸೋಲುತ್ತಾರೆ. ಪದವನ್ನು ಬಿಡಿಸಲು ಬಲ್ಲವರಿಗಾದರೋ ಕೆಲವು ನೂರು ತುಂಡುಗಳ ಪರಿಚಯ ಸಾಕು.

ವಾಂತಿಭೇದಿಯ ಹೆಸರನ್ನೇ ಬಿಡಿಸಿ ನೋಡಬಹುದು. ಗ್ರೀಕ್ ಭಾಷೆಯಲ್ಲಿ ‘ಗ್ಯಾಸ್ಟರ್’ ಎಂದರೆ ಹೊಟ್ಟೆ, ಜಠರ. ‘ಎಂಟರಾನ್’ ಎಂದರೆ ಕರುಳು. ಕೊನೆಯಲ್ಲಿ ಬರುವ ‘ಐಟಿಸ್’ ಉರಿಯೂತವನ್ನು ತಿಳಿಸುವ ಪ್ರತ್ಯಯ. ಜಠರ ಮತ್ತು ಕರುಳುಗಳ ಉರಿಯೂತ ಎಂದಷ್ಟೇ ಇದರ ಅರ್ಥ. ಇದೊಂದು ಸಮಾಸಪದ. ಎರಡು ಅಂಗಗಳ ಹೆಸರುಗಳನ್ನು ಕೂಡಿಸಲು ನಡುವೆ ‘ಒ’ ಎಂಬ ಸ್ವರವನ್ನು ಇಟ್ಟಿದ್ದಾರೆ. ಆದರೆ ಸ್ವರದಿಂದ ಮೊದಲಾಗುವ ಪ್ರತ್ಯಯವು ಪರವಾದಾಗ ಆ ‘ಒ’ ಬಿಟ್ಟುಹೋಗುತ್ತದೆ. ಆಗ ‘ಗ್ಯಾಸ್ಟ್ರೊಐಟಿಸ್’ ಎನ್ನದೆ ‘ಗ್ಯಾಸ್ಟ್ರೈಟಿಸ್’ ಎನ್ನುತ್ತಾರೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವುದನ್ನು ವ್ಯಾಕರಣದಲ್ಲಿ ಓದಿದವರಿಗೆ ಈ ಲೋಪ ಹೊಸದಲ್ಲ. ಪದವನ್ನು ಬಾಲದಿಂದ ಹಿಡಿದು ಓದುವುದು ಸುಲಭದ ದಾರಿ. ‘ಐಟಿಸ್’ ಕಂಡೊಡನೆ ಉರಿಯೂತವೆಂದು ತಿಳಿದುಬಿಟ್ಟರೆ, ಟಾನ್ಸಿಲೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್ ಮೊದಲಾದವುಗಳಲ್ಲಿ ಉಳಿಯುವುದು ಅಂಗದ ಹೆಸರು ಮಾತ್ರ: ಗಂಟಲಿನ ಗ್ರಂಥಿ, ಯಕೃತ್ತು, ಕೀಲು.

‘ಉರಿಯೂತ’ ಎಂಬ ಕನ್ನಡ ಪದವನ್ನೂ ಇಲ್ಲಿ ಮೆಚ್ಚಬೇಕು. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಲೇಖಕನು ಇದರ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪು, ಊತ, ಕಾವು, ನೋವು. ನಾಲ್ಕರಲ್ಲಿ ಎರಡನ್ನು ಕನ್ನಡದ ಪದವು ತನ್ನ ಒಡಲಿನಲ್ಲಿಯೇ ಇಟ್ಟುಕೊಂಡಿದೆ.

ಪದದ ಮೊದಲಿಗೆ ಬಂದು ಸೇರುವ ತುಂಡುಗಳೂ ಅಪರಿಚಿತವಲ್ಲ. 1786ರಲ್ಲಿ ಸರ್ ವಿಲಿಯಂ ಜೋನ್ಸ್ ಎಂಬ ವಿದ್ವಾಂಸನು ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಕಲ್ಕತ್ತೆಯಲ್ಲಿ ಪ್ರತಿಪಾದಿಸಿದನು. ಕನ್ನಡವು ಬೇರೆ ಕುಟುಂಬದ ಭಾಷೆಯಾದರೂ ಸಂಸ್ಕೃತದಿಂದ ಅನೇಕ ಪದಗಳನ್ನು ಪಡೆದಿದೆ. ಆದುದರಿಂದ ಆ ದೂರದ ನೆಂಟರ ಮುಖಗಳನ್ನು ಕನ್ನಡಿಗರೂ ಗುರುತಿಸಬಲ್ಲರು. ನಮ್ಮ ‘ಅನ್’ ಅವರಲ್ಲಿಯೂ ಇಲ್ಲವೆಂಬುದನ್ನೇ ಸೂಚಿಸುತ್ತದೆ. ‘ಅನೀಮಿಯ’ ಎಂದರೆ ರಕ್ತವಿಲ್ಲದಿರುವಿಕೆ, ಅಂದರೆ ರಕ್ತಹೀನತೆ. ‘ದುಸ್’ ಅಲ್ಲಿ ‘ಡಿಸ್’ ಆಗಿದೆ, ‘ಪರಿ’ ಎಂಬುದು ‘ಪೆರಿ’ ಆಗಿದೆ. ದಂತಕ್ಕೆ ಗ್ರೀಕಿನಲ್ಲಿ ‘ಓಡಾಂಟ್’, ಅಸ್ಥಿಗೆ ‘ಆಸ್ಟಿಯಾನ್’, ಹೃದಯಕ್ಕೆ ‘ಕಾರ್ಡಿಯ’. ಹಾಗೆಂದು ಉಚ್ಚಾರಣೆಯಲ್ಲಿ ಹೋಲುವ ಪದಗಳೆಲ್ಲವೂ ನೆಂಟರೆಂದು ಭಾವಿಸಲಾಗದು. ಆಕಸ್ಮಿಕವಾದ ಹೋಲಿಕೆಗಳೂ ಬಹಳ.

‘ಉಪರಿ’ ಎಂಬುದರ ನೆಂಟ ‘ಹೈಪರ್’. ಹೆಚ್ಚು, ಮಿತಿಮೀರಿದ ಎಂದು ಅರ್ಥ. ‘ಉಪ’ ಎಂಬುದರ ನೆಂಟ ‘ಹೈಪೊ’. ಕಡಿಮೆ, ಕೆಳಗಿನ ಎಂದು ಅರ್ಥ. ಕಿವಿಗೆ ಇವುಗಳ ಅಂತರ ಅತ್ಯಲ್ಪ, ಅರ್ಥದಲ್ಲಿಯಾದರೋ ಪೂರ್ವಪಶ್ಚಿಮ. ಮಧುಮೇಹವುಳ್ಳ ಒಬ್ಬ ಮನುಷ್ಯನು ಬೆವತು, ನಡುಗಿ, ಎಚ್ಚರ ತಪ್ಪುತ್ತಿದ್ದಾನೆಂದು ಭಾವಿಸಿ. ಅವನಿಗಿರುವುದು ‘ಹೈಪೊಗ್ಲೈಸೀಮಿಯ’ವಾದರೆ ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ, ತಡಮಾಡದೆ ಸಕ್ಕರೆಯನ್ನು ಒದಗಿಸಬೇಕು. ‘ಹೈಪರ್‌ಗ್ಲೈಸೀಮಿಯ’ವೆಂದರೆ ಸಕ್ಕರೆ ಏರಿದೆಯೆಂದು, ಅದಕ್ಕೆ ಇನ್ಸುಲಿನ್ ಬೇಕಾಗಬಹುದು. ಒಂದನ್ನು ಇನ್ನೊಂದೆಂದು ಕೇಳಿಸಿಕೊಂಡು, ಸಕ್ಕರೆ ಇಳಿದವನಿಗೆ ಇನ್ಸುಲಿನ್ ಚುಚ್ಚಿದರೆ ಪ್ರಾಣಕ್ಕೇ ಕುತ್ತು. ಒಂದು ‘ರ’ಕಾರದ ಮೇಲೆ ಒಬ್ಬನ ಜೀವವೇ ನಿಂತಿರುವಾಗ, ಪರಿಭಾಷೆಯ ಪಾಠವನ್ನು ಬರಿಯ ಪದಗಳ ಆಟವೆಂದು ಕಡೆಗಣಿಸುವಂತಿಲ್ಲ.

ಶಸ್ತ್ರಚಿಕಿತ್ಸೆಯ ಹೆಸರುಗಳಲ್ಲಿಯೂ ಇಂತಹುದೇ ಎಚ್ಚರ ಬೇಕು. ‘ಗ್ಯಾಸ್ಟ್ರಾಟಮಿ’ ಎಂದರೆ ಜಠರವನ್ನು ಕೊಯ್ದು ತೆರೆಯುವುದು. ‘ಗ್ಯಾಸ್ಟ್ರೆಕ್ಟಮಿ’ ಎಂದರೆ ಜಠರವನ್ನು, ಪೂರ್ತಿಯಾಗಿಯೋ ಭಾಗಶಃವೋ, ಕತ್ತರಿಸಿ ತೆಗೆಯುವುದು. ‘ಗ್ಯಾಸ್ಟ್ರಾಸ್ಟಮಿ’ ಎಂದರೆ ಆಹಾರವನ್ನು ನೇರವಾಗಿ ಜಠರಕ್ಕೆ ಇಳಿಸಲು ಹೊಟ್ಟೆಯ ಮೇಲೆ ಒಂದು ಬಾಯಿಯನ್ನು ಮಾಡುವುದು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಕಾಗದದ ಮೇಲೆ ರುಜು ಹಾಕುವವರು ಈ ಮೂರರಲ್ಲಿ ಯಾವುದಕ್ಕೆ ಒಪ್ಪುತ್ತಿರುವೆವೆಂದು ಕೇಳಿ ತಿಳಿಯಬೇಡವೇ?

ಇಷ್ಟೆಲ್ಲ ಪದಗಳು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದಲೇ ಏಕೆ ಬಂದವೆಂದು ಕೇಳಬಹುದು. ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಉಳಿದುಬಂದ ಗ್ರಂಥಗಳು ಗ್ರೀಕ್ ಭಾಷೆಯವು. ರೋಮಿನಲ್ಲಿ ವೈದ್ಯನಾಗಿದ್ದ ಗ್ಯಾಲೆನನು ಬರೆದುದೂ ಗ್ರೀಕಿನಲ್ಲಿಯೇ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸರು ಅವನ್ನು ಅರಬ್ಬಿಗೆ ತಂದರು. ಹನ್ನೆರಡನೆಯ ಶತಮಾನದ ಹೊತ್ತಿಗೆ ಅರಬ್ಬಿಯ ವೈದ್ಯಗ್ರಂಥಗಳು ಲ್ಯಾಟಿನ್ ಭಾಷೆಗೆ ಇಳಿದವು. 1543ರಲ್ಲಿ ವೆಸೇಲಿಯಸನು ಮನುಷ್ಯದೇಹದ ರಚನೆಯನ್ನು ಕುರಿತು ಪ್ರಕಟಿಸಿದ ಮಹಾಗ್ರಂಥವೂ ಲ್ಯಾಟಿನಿನಲ್ಲಿದೆ. ಮುಂದೆ ಒಂದೊಂದು ದೇಶದವರು ಒಂದೊಂದು ಹೆಸರನ್ನು ಬಳಸತೊಡಗಿದರು. ಒಂದೇ ಅಂಗಕ್ಕೆ ಹತ್ತಾರು ಹೆಸರುಗಳಾದವು. ಆಗ 1895ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅಂಗರಚನಾಶಾಸ್ತ್ರಜ್ಞರು ಸಭೆ ಸೇರಿ, ಎಲ್ಲರಿಗೂ ಒಪ್ಪುವ ಒಂದು ಲ್ಯಾಟಿನ್ ಪದಪಟ್ಟಿಯನ್ನು ಅಂಗೀಕರಿಸಿದರು.

ಹೆಸರಿಟ್ಟ ಹಿಂದಿನವರು ಕಣ್ಣಿಗೆ ಕಂಡ ವಸ್ತುಗಳನ್ನೇ ನೆನೆದರು. ಮೊಣಕಾಲ ಚಿಪ್ಪು ಅವರಿಗೆ ಪುಟ್ಟ ತಟ್ಟೆಯಂತೆ ಕಂಡಿತು, ‘ಪಟೆಲ್ಲ’ ಎಂದರು. ಮೊಣಕಾಲಿನ ಕೆಳಗಿನ ಎಲುಬು ಕೊಳಲಿನಂತಿತ್ತು, ‘ಟಿಬಿಯ’ ಎಂದರು. ಬೆನ್ನುಮೂಳೆಯ ತುದಿಯು ಕೋಗಿಲೆಯ ಜಾತಿಯ ಹಕ್ಕಿಯೊಂದರ ಕೊಕ್ಕಿನಂತೆ ತೋರಿದ್ದರಿಂದ ಅದು ‘ಕಾಕ್ಸಿಕ್ಸ್’ ಆಯಿತು. ಕಣ್ಣಿನ ನಡುವಣ ಕಪ್ಪು ಬೊಟ್ಟಿಗೆ ಇಂಗ್ಲಿಷಿನಲ್ಲಿ ‘ಪ್ಯೂಪಿಲ್’ ಎನ್ನುತ್ತಾರೆ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಪುಟ್ಟ ಹುಡುಗಿ, ಗೊಂಬೆ ಎಂದು ಅರ್ಥ. ಎದುರಿಗಿರುವವರ ಕಣ್ಣನ್ನು ಸಮೀಪದಿಂದ ನೋಡಿದರೆ ಅಲ್ಲಿ ನಮ್ಮದೇ ಸಣ್ಣ ಬಿಂಬ ಕಾಣಿಸುತ್ತದೆಯಷ್ಟೆ! ಸಂಸ್ಕೃತದ ‘ಕನೀನಿಕಾ’ ಎಂಬುದೂ ಪುಟ್ಟ ಹುಡುಗಿಯೇ. ಕನ್ನಡಿಗರು ಅದನ್ನು ‘ಕಣ್ಣಪಾಪೆ’ ಎಂದರು, ಪಾಪೆಯೆಂದರೂ ಗೊಂಬೆಯೇ.

ಹಳೆಯ ತಪ್ಪುಗಳೂ ಹೆಸರುಗಳಲ್ಲಿ ಹಾಗೆಯೇ ಉಳಿದಿವೆ. ಶವಗಳ ಅಪಧಮನಿಗಳು ಬರಿದಾಗಿ ಕಂಡುದರಿಂದ ಅವು ಗಾಳಿಯನ್ನು ಒಯ್ಯುವ ಕೊಳವೆಗಳೆಂದು ಪ್ರಾಚೀನ ಗ್ರೀಕರಲ್ಲಿ ಹಲವರು ನಂಬಿದ್ದರು. ಶ್ವಾಸನಾಳಕ್ಕೂ ಅನ್ವಯಿಸುತ್ತಿದ್ದ ‘ಆರ್ಟೀರಿಯ’ ಎಂಬ ಹೆಸರೇ ಅವಕ್ಕೂ ನಿಂತಿತು. ಅವುಗಳಲ್ಲಿ ಹರಿಯುವುದು ರಕ್ತವೆಂದು ಗ್ಯಾಲೆನನು ತೋರಿಸಿಕೊಟ್ಟನು, ಹೆಸರು ಬದಲಾಗಲಿಲ್ಲ. ‘ಮಲೇರಿಯ’ ಎಂಬುದು ಇಟಲಿಯ ಮಾತು, ಕೆಟ್ಟ ಗಾಳಿಯೆಂದು ಅರ್ಥ. ಜೌಗುನೆಲದ ದುರ್ಗಂಧವೇ ಚಳಿಜ್ವರಕ್ಕೆ ಕಾರಣವೆಂದು ಬಹುಕಾಲ ತಿಳಿದಿದ್ದರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಅದರ ಪರೋಪಜೀವಿಯನ್ನು ಕಂಡನು. ಗಾಳಿಯು ನಿರಪರಾಧಿಯೆಂದು ತೀರ್ಪಾದ ಮೇಲೂ ಹೆಸರಿನಲ್ಲಿ ಅದರ ಮೇಲಿನ ಆರೋಪ ಹಾಗೆಯೇ ಉಳಿಯಿತು. ಆದ್ದರಿಂದ ಪದವನ್ನು ಬಿಡಿಸಿದೊಡನೆ ರೋಗದ ನಿಜವೆಲ್ಲ ತಿಳಿಯಿತೆಂದು ಹಿಗ್ಗುವಂತಿಲ್ಲ.

ಕನ್ನಡದ ವಿದ್ಯಾರ್ಥಿಗೆ ಇನ್ನೂ ಒಂದು ತೊಡಕುಂಟು. ಸಣ್ಣ ಕರುಳಿನ ಕೊನೆಯ ಭಾಗಕ್ಕೆ ‘ಇಲಿಯಮ್’ ಎಂದು ಹೆಸರು. ಸೊಂಟದ ಅಗಲವಾದ ಎಲುಬಿಗೂ ‘ಇಲಿಯಮ್’ ಎಂದೇ ಹೆಸರು. ಇಂಗ್ಲಿಷ್ ಬರಹದಲ್ಲಿ ನಡುವಿನ ಒಂದು ಅಕ್ಷರದಿಂದ ಇವು ಬೇರೆಯಾಗುತ್ತವೆ. ಕನ್ನಡ ಲಿಪಿಯಲ್ಲಿ ಆ ಭೇದವೂ ಅಳಿಸಿಹೋಗುತ್ತದೆ. ಇಂತಹ ಕಡೆ ಕರುಳಿನ ಕೊನೆಯೆಂದೋ ಸೊಂಟದ ಎಲುಬೆಂದೋ ಕನ್ನಡದಲ್ಲಿ ಹೇಳಿಬಿಡುವುದೇ ಲೇಸು. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ಬರೆದಿರುವನಷ್ಟೆ.

ಈಗ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೆಯುವ ಒಂದು ಪರೀಕ್ಷೆಯ ಹೆಸರನ್ನು ನೋಡಬಹುದು: ‘ಈಸೊಫೆಗೊಗ್ಯಾಸ್ಟ್ರೊಡ್ಯುವೊಡಿನಾಸ್ಕೊಪಿ’. ಬಾಲದಿಂದ ಹಿಡಿದರೆ ‘ಸ್ಕೊಪಿ’ ಎಂದರೆ ಒಳಗಿಣುಕಿ ನೋಡುವುದು. ‘ಈಸೊಫೆಗಸ್’ ಅನ್ನನಾಳ, ‘ಗ್ಯಾಸ್ಟರ್’ ಜಠರ. ನಡುವೆ ಉಳಿದ ‘ಡ್ಯುವೊಡಿನಮ್’ ಜಠರದ ಮುಂದಿರುವ ಕರುಳಿನ ಮೊದಲ ತುಂಡು. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಲೆಕ್ಸಾಂಡ್ರಿಯ ನಗರದಲ್ಲಿ ಹಿರೋಫಿಲಸ್ ಎಂಬ ವೈದ್ಯನು ಅದರ ಉದ್ದವನ್ನು ಹನ್ನೆರಡು ಬೆರಳುಗಳ ಅಗಲವೆಂದು ಹೇಳಿ ಹಾಗೆಯೇ ಹೆಸರಿಟ್ಟಿದ್ದನು. ಅದು ಲ್ಯಾಟಿನ್ ಭಾಷೆಗೆ ಬಂದಾಗ ಬೆರಳುಗಳು ಬಿದ್ದುಹೋಗಿ ಹನ್ನೆರಡು ಎಂಬುದು ಮಾತ್ರ ಉಳಿಯಿತು. ನಮ್ಮ ‘ದ್ವಾದಶ’ಕ್ಕೆ ನೆಂಟನಾದ ಆ ಹನ್ನೆರಡು ಇಂದಿಗೂ ಆ ಪದದೊಳಗೆ ಕುಳಿತಿದೆ.