ಲಾಮಾ ಕ್ಯಾಂಪಿನ ಊಟ ಅಗ್ಗವಾದ ಬಗೆ

ಮೈಸೂರಿನಿಂದ ಮಡಿಕೇರಿ ಕಡೆಗೆ ಹೊರಟರೆ ಹುಣಸೂರು, ಪಿರಿಯಾಪಟ್ಟಣ ದಾಟಿ, ಕಾವೇರಿ ಸೇತುವೆಗೆ ತುಸು ಮುಂಚೆ ಸಿಗುವ ಊರು ಕೊಪ್ಪ. ಸೇತುವೆಯ ಆಚೆ ಕೊಡಗಿನ ಕುಶಾಲನಗರ, ಈಚೆ ಮೈಸೂರು ಜಿಲ್ಲೆಯ ಕೊನೆಯ ಅಂಗಡಿಸಾಲು. ಇಲ್ಲಿ ಹಸಿದು ಬಸ್ಸಿಳಿದವರಿಗೆ ಎರಡು ದಾರಿ. ಹೆದ್ದಾರಿ ಬದಿಯಲ್ಲೇ ನಿಂತರೆ ಇಡ್ಲಿ-ವಡೆ, ಮುದ್ದೆ-ಸಾರು, ಬಿರಿಯಾನಿ. ಆಟೊ ಹತ್ತಿ ಬೈಲಕುಪ್ಪೆಯ ಟಿಬೆಟನ್ ಶಿಬಿರಗಳತ್ತ, ಅಂದರೆ ಊರವರ ಬಾಯಲ್ಲಿ ‘ಲಾಮಾ ಕ್ಯಾಂಪ್’ ಕಡೆಗೆ ಹೊರಳಿಕೊಂಡರೆ ಮೊಮೊ, ತುಕ್ಪಾ, ಟಿಂಗ್ಮೊ.

ಪ್ರವಾಸಿ ತಾಣ ಎಂದ ಮೇಲೆ ಊಟಕ್ಕೆ ದುಬಾರಿ ತೆರುವುದು ರೂಢಿ. ಆದರೆ ನಾಮ್ಡ್ರೋಲಿಂಗ್ ಮಠದ ದೊಡ್ಡ ಗುಡಿ, ಅಂದರೆ ‘ಗೋಲ್ಡನ್ ಟೆಂಪಲ್’ ನೋಡಲು ರಜಾದಿನಗಳಲ್ಲಿ ಜನ ಮುಗಿಬೀಳುವ ಈ ಜಾಗದಲ್ಲಿ ಹೊಟ್ಟೆ ತುಂಬ ತಿಂದು ಎದ್ದರೂ ಬಿಲ್ಲು ಎದೆ ಝಲ್ಲೆನಿಸುವುದಿಲ್ಲ. ಕಾರಣ ಹುಡುಕಿದರೆ ಇಲ್ಲಿನ ಹೋಟೆಲುಗಳ ಹುಟ್ಟಿಗೇ ಹೋಗಬೇಕು. ಪ್ರವಾಸಿ ಇಲ್ಲಿ ತಡವಾಗಿ ಬಂದ ಗಿರಾಕಿ. ಅವನು ಬರುವ ಹೊತ್ತಿಗೆ ಬೆಲೆ, ರುಚಿ, ಅಳತೆ ಎಲ್ಲವೂ ಬೇರೆಯವರಿಗಾಗಿ ನಿಗದಿಯಾಗಿತ್ತು.

ಕಾಡು ಕಡಿದ ಕಾಲ

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಗಡಿ ದಾಟಿದವರು ಸುಮಾರು 80 ಸಾವಿರ ಮಂದಿ. ಎಷ್ಟೋ ಜನ ಹಿಮಾಲಯದ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆದು ದಿನ ನೂಕಿದರು. ಇವರಿಗೆ ನೆಲೆ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡಗಳು ಬಂದಿಳಿದವು. ಹೀಗೆ ಎದ್ದು ನಿಂತದ್ದು ಲುಗ್ಸುಂ ಸಾಮ್ದುಪ್ಲಿಂಗ್ ಎಂಬ ಮೊದಲ ವಸತಿ. 1969ರಲ್ಲಿ ಅದರ ಪಕ್ಕದಲ್ಲೇ ಡಿಕಿ ಲಾರ್ಸೊ ಎಂಬ ಎರಡನೆಯದು ಬಂತು. ಇಂದು ಗ್ರಾಮೀಣಾಭಿವೃದ್ಧಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಈ ಪುನರ್ವಸತಿಯ ಕೆಲಸಕ್ಕಾಗಿಯೇ.

ಮರ ಕಡಿಯುವುದು, ಬೊಡ್ಡೆ ಕೀಳುವುದು, ರಾತ್ರಿ ಆನೆ ಓಡಿಸುವುದು, ಹಗಲು ಬಿಸಿಲು ತಡೆಯುವುದು ಮೊದಲ ವರ್ಷಗಳ ದಿನಚರಿಯಾಗಿತ್ತು. ಅಡುಗೆಯೂ ಹೊಸದಾಗಿ ಕಲಿಯಬೇಕಾಯಿತು. ಲಾಸಾ ಇರುವುದು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಕಾಳು ಬೇಯಲು ಹೊತ್ತು ಹಿಡಿಯುತ್ತದೆ, ಸೌದೆಯೂ ಅಪರೂಪ. ಹಾಗಾಗಿ ಬಾರ್ಲಿಯನ್ನು ಮೊದಲೇ ಹುರಿದು ಬೀಸಿಟ್ಟುಕೊಂಡು, ಬೆಣ್ಣೆ ಹಾಕಿದ ಉಪ್ಪು ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುವ ತ್ಸಂಪಾ ಅಲ್ಲಿನವರ ನಿತ್ಯದ ಊಟ. ರಾಗಿ ಹುರಿಹಿಟ್ಟು ಬಲ್ಲ ಪಿರಿಯಾಪಟ್ಟಣದ ರೈತರಿಗೆ ಇದರ ಜಾಣತನ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಬಾರ್ಲಿಯ ಹೊಲವಿರಲಿಲ್ಲ, ಚಮರೀಮೃಗದ ಹಿಂಡೂ ಇರಲಿಲ್ಲ. ಕಡಿದ ಕಾಡಿನ ನೆಲ ಮುಸುಕಿನ ಜೋಳಕ್ಕೆ ಒಲಿಯಿತು. ಅಡುಗೆಮನೆಗೆ ಮೈದಾ, ಅಕ್ಕಿ, ಆಲೂಗಡ್ಡೆ, ಎಲೆಕೋಸು ಬಂದವು. ಹಬ್ಬಕ್ಕೋ ನೆಂಟರು ಬಂದಾಗಲೋ ಮನೆಮಂದಿಯೆಲ್ಲ ಸುತ್ತ ಕೂತು ಮಡಿಸುತ್ತಿದ್ದ ಮಾಂಸದ ಮೊಮೊದೊಳಗೆ ಎಲೆಕೋಸು, ಆಲೂಗಡ್ಡೆಗೂ ಜಾಗ ಸಿಕ್ಕಿತು.

ಮಠ ಬೆಳೆಯಿತು, ಗಿರಾಕಿ ಬಂದ

ಹೊಟ್ಟೆಪಾಡಿನ ಅಡುಗೆ ಹೋಟೆಲಿನ ತಟ್ಟೆಗೆ ಬರಲು ಎರಡು ಸಂಗತಿ ಕೂಡಿಬಂದವು. ಮೊದಲನೆಯದು ಜಮೀನು. ಮಕ್ಕಳು, ಮೊಮ್ಮಕ್ಕಳು ಹೆಚ್ಚಿದರೂ ಕೊಟ್ಟ ಎಕರೆಗಳು ಹಿಗ್ಗಲಿಲ್ಲ. ಮಳೆ ನಂಬಿದ ಜೋಳ ವರ್ಷವಿಡೀ ಸಾಕಲಿಲ್ಲ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಹಲವು ಮನೆಗಳ ಎರಡನೇ ದುಡಿಮೆಯಾಯಿತು. ನಮ್ಮ ಪೇಟೆಗಳಲ್ಲಿ ಚಳಿ ಶುರುವಾದೊಡನೆ ಏಳುತ್ತಿದ್ದ ಟಿಬೆಟನ್ ಸ್ವೆಟರ್ ಅಂಗಡಿಗಳನ್ನು ನೆನೆಸಿಕೊಳ್ಳಿ. ಆ ಸುತ್ತಾಟ ಒಗ್ಗದವರಿಗೆ ಮನೆಯ ಮುಂಗೋಣೆಯಲ್ಲೇ ನಾಲ್ಕು ಬೆಂಚು ಹಾಕಿ ಹಬೆಪಾತ್ರೆ ಇಡುವ ದಾರಿ ಇತ್ತು.

ಎರಡನೆಯದು ಮಠಗಳು. ಟಿಬೆಟನ್ ಗುರು ಪೆನೋರ್ ರಿನ್‌ಪೋಚೆ 1963ರಲ್ಲಿ ನಾಮ್ಡ್ರೋಲಿಂಗ್ ಮಠ ಆರಂಭಿಸಿದಾಗ ಇದ್ದದ್ದು ಒಂದು ಪುಟ್ಟ ಬಿದಿರಿನ ಗುಡಿ. ಬಂಗಾಳದ ಬುಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದ ಸೇರಾ ಮಠದ ಭಿಕ್ಷುಗಳು 1970ರ ಹೊತ್ತಿಗೆ ಇಲ್ಲಿ ನೆಲೆಯೂರಿದರು. 1972ರಲ್ಲಿ ತಾಶಿ ಲುನ್‌ಪೊ ಮಠ ಬಂತು. ಲಡಾಖ್, ಅರುಣಾಚಲ, ನೇಪಾಳ, ಭೂತಾನಗಳಿಂದ ಎಳೆಯ ಹುಡುಗರು ಓದಲು ಬರತೊಡಗಿ ಇವು ಸಾವಿರಾರು ಮಂದಿಯ ವಿದ್ಯಾಕೇಂದ್ರಗಳಾದವು.

ಮಠದಲ್ಲಿ ಊಟವಿದೆ. ಆದರೆ ಹಾಸ್ಟೆಲಿನಲ್ಲಿ ಬೆಳೆದ ಯಾರಿಗಾದರೂ ಗೊತ್ತು, ಅಲ್ಲಿನ ಊಟ ಎಷ್ಟೇ ಚೆನ್ನಾಗಿರಲಿ, ವಾರಕ್ಕೊಮ್ಮೆಯಾದರೂ ಹೊರಗೆ ತಿನ್ನುವ ಆಸೆ ಬಿಡುವುದಿಲ್ಲ. ಅನೇಕ ಮಠಗಳ ಸಾಮೂಹಿಕ ಅಡುಗೆಯಲ್ಲಿ ಮಾಂಸವಿಲ್ಲ ಎನ್ನುವುದು ಇನ್ನೊಂದು ಕಾರಣ. ಕಾವಿ ಉಟ್ಟ ವಿದ್ಯಾರ್ಥಿಯ ಜೇಬಿನಲ್ಲಿರುವುದು ಚಿಲ್ಲರೆ ಕಾಸು, ಹಸಿವು ಮಾತ್ರ ಹದಿನೆಂಟರದು. ಆ ಕಾಸಿಗೆ ಆ ಹಸಿವು ತೀರಬೇಕು. ಬೈಲಕುಪ್ಪೆಯ ತುಕ್ಪಾ ಬಟ್ಟಲು ಅಷ್ಟು ದೊಡ್ಡದಾದದ್ದು ಈ ಲೆಕ್ಕದಲ್ಲಿ.

ಒಂದೇ ಕಣಕ, ನಾಲ್ಕು ತಿಂಡಿ

ಅಗ್ಗಕ್ಕೆ ಅಡುಗೆಯ ಕ್ರಮವೂ ನೆರವಾಯಿತು. ನಮ್ಮ ಉಡುಪಿ ಹೋಟೆಲಿನಲ್ಲಿ ಒಂದೇ ಹಿಟ್ಟು ದೋಸೆ, ಉತ್ತಪ್ಪ, ಪಡ್ಡು ಆಗುವ ಹಾಗೆ ಇಲ್ಲಿ ಒಂದೇ ಮೈದಾ ಕಣಕ ಹಲವು ಅವತಾರ ಎತ್ತುತ್ತದೆ. ತೆಳ್ಳಗೆ ಲಟ್ಟಿಸಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದರೆ ಮೊಮೊ. ಅದೇ ಹೂರಣವನ್ನು ದೊಡ್ಡ ಹಾಳೆಯಲ್ಲಿ ಮಡಿಸಿ ಎಣ್ಣೆಯಲ್ಲಿ ಕರಿದರೆ ಶಾಫಲೆ. ಕಣಕವನ್ನು ಎಳೆಯಾಗಿ ಕತ್ತರಿಸಿ ಸಾರಿಗೆ ಹಾಕಿದರೆ ತುಕ್ಪಾ, ಕೈಯಲ್ಲೇ ಚೂರುಚೂರು ಹರಿದು ಹಾಕಿದರೆ ತೆಂಥುಕ್. ಹುದುಗು ಬರಿಸಿದ ಹಿಟ್ಟಿನಿಂದ ಪದರು ಪದರಾದ ಟಿಂಗ್ಮೊ. ಉಳಿದ ಸೊಪ್ಪು ತರಕಾರಿ, ಎಲುಬು ಎಲ್ಲವೂ ಸಾರಿನ ಪಾತ್ರೆಗೆ. ಅಲ್ಯೂಮಿನಿಯಂ ಹಬೆಪಾತ್ರೆಯಲ್ಲಿ ತಟ್ಟೆಯ ಮೇಲೆ ತಟ್ಟೆ ಪೇರಿಸುವುದರಿಂದ ಒಂದೇ ಉರಿಯಲ್ಲಿ ಹಲವರ ಊಟ ಬೇಯುತ್ತದೆ, ಎಣ್ಣೆಯ ಖರ್ಚೂ ಇಲ್ಲ. ಮೇಲೆ ಕಣ್ಣಲ್ಲಿ ನೀರು ತರಿಸುವ ಸೆಪೆನ್ ಎಂಬ ಮೆಣಸಿನಕಾಯಿ ಚಟ್ನಿ.

ಖರ್ಚಾಗುವುದು ಕೈಕೆಲಸ. ಮೊಮೊ ಒಂದೊಂದನ್ನೂ ನೆರಿಗೆ ಹಿಡಿದು ಮುಚ್ಚಬೇಕು. ಆ ಕೂಲಿಯನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಏಕೆಂದರೆ ದುಡಿಯುತ್ತಿದ್ದವರು ಅಮ್ಮ, ಅಕ್ಕ, ಅಜ್ಜಿ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಕ್ಕಿತು. ಮಿಕ್ಕ ಖರ್ಚು ಹೊತ್ತದ್ದು ಸರ್ಕಾರ. ಲಾಮಾ ಕ್ಯಾಂಪಿನಲ್ಲಿ ಆ ಮಿಕ್ಕದ್ದನ್ನು ಹೊತ್ತದ್ದು ಮನೆಯ ಹೆಂಗಸರು.

ಬಸ್ಸುಗಳು ಬಂದ ಮೇಲೆ

1999ರಲ್ಲಿ ನಾಮ್ಡ್ರೋಲಿಂಗ್‌ನ ದೊಡ್ಡ ಗುಡಿ ಬಾಗಿಲು ತೆರೆಯಿತು. ಸುಮಾರು 60 ಅಡಿಯ ಚಿನ್ನದ ಬಣ್ಣದ ಮೂರು ಮೂರ್ತಿಗಳನ್ನು ನೋಡಲು ಶಾಲಾ ಪ್ರವಾಸದ ಬಸ್ಸುಗಳು, ಕೊಡಗು ಸುತ್ತುವ ಟೆಂಪೊಗಳು ಕೊಪ್ಪದಲ್ಲಿ ತಿರುಗತೊಡಗಿದವು. ವಿದೇಶಿಯರಿಗೆ ಇಲ್ಲಿ ತಂಗಲು ಕೇಂದ್ರ ಗೃಹ ಸಚಿವಾಲಯದ ಪರವಾನಗಿ ಬೇಕು. ದಲೈ ಲಾಮಾ ನೆಲೆಸಿದ ಧರ್ಮಶಾಲಾದ ಮಾದರಿಯ ಡಾಲರ್ ಕೆಫೆಗಳು ಇಲ್ಲಿ ಬೇರುಬಿಡದಿರಲು ಇದೂ ಒಂದು ಕಾರಣವಿರಬೇಕು. ಬಂದ ಹೊಸ ಗಿರಾಕಿ ಮೈಸೂರು, ಮಂಡ್ಯ, ಹಾಸನದ ಸಂಸಾರವಂದಿಗ. ಅವನಿಗಾಗಿ ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರ್ ಮೊಮೊ ಪಟ್ಟಿಗೆ ಸೇರಿದವು. ಕನ್ನಡದಲ್ಲೇ ಲೆಕ್ಕ ಹೇಳಿ ಚಿಲ್ಲರೆ ಕೊಡುವ ಟಿಬೆಟನ್ ಅಮ್ಮಂದಿರೂ ಇದ್ದಾರೆ.

ಈಗ ಆ ಹಳೆಯ ಲೆಕ್ಕ ಸಡಿಲವಾಗುತ್ತಿದೆ. ಶಿಬಿರದ ಯುವಜನ ಅಮೆರಿಕ, ಕೆನಡಾ, ಯುರೋಪಿಗೆ ಹೊರಟಿದ್ದಾರೆ. ನೆರಿಗೆ ಹಿಡಿಯುವ ಕೈಗಳಿಗೆ ಸಂಬಳ ಕೊಡಬೇಕಾದ ಮೇಲೆ ಹಳೆಯ ಬೆಲೆಗೆ ತುಕ್ಪಾ ಕೊಡುವುದು ಕಷ್ಟ. ಬೆಲೆ ಏರಿದರೆ ದೂರಬೇಕಾದ್ದಿಲ್ಲ; ಲೆಕ್ಕಕ್ಕೆ ಬಾರದಿದ್ದ ದುಡಿಮೆಗೆ ಈಗ ಬೆಲೆ ಬಂತು ಎಂದುಕೊಂಡರಾಯಿತು.

ಹೋಗುವವರಿಗೆ ಕಿವಿಮಾತು ಇಷ್ಟೇ. ಗುಡಿಯ ಎದುರಿನ ಫಲಕಕ್ಕೆ ಮರುಳಾಗದೆ ಕ್ಯಾಂಪಿನ ಒಳದಾರಿಗಳಲ್ಲಿ ನಡೆಯಿರಿ. ಭಾನುವಾರದ ನೂಕುನುಗ್ಗಲು ಬಿಟ್ಟು ವಾರದ ದಿನ ಹೋಗಿ. ಲೋಸಾರ್ ಹೊಸವರ್ಷಕ್ಕೆ ಅಂಗಡಿ ಮುಚ್ಚಿರಬಹುದು, ಬೌದ್ಧರಿಗೆ ಪವಿತ್ರವಾದ ಸಾಗಾ ದಾವಾ ತಿಂಗಳಲ್ಲಿ ಮಾಂಸ ಸಿಗದಿರಬಹುದು. ಯಾವ ಹೋಟೆಲ್ ಎಂದು ಗೊಂದಲವಾದರೆ ಒಳಗೆ ಇಣುಕಿ ನೋಡಿ. ಎಳೆಯ ಭಿಕ್ಷುಗಳು ಬೆಂಚು ತುಂಬ ಕೂತಿದ್ದರೆ ನಿಶ್ಚಿಂತೆಯಿಂದ ಕೂರಿ. ಅವರ ಜೇಬಿಗೆ ಹೊಂದಿದ ಬೆಲೆ ನಿಮ್ಮ ಜೇಬಿಗೂ ಹೊಂದುತ್ತದೆ.