ಮಾತ್ರೆಗೆ ತಲೆಯ ದಾರಿ ಹೇಗೆ ಗೊತ್ತು?

ಮಕ್ಕಳೇ, ಶಾಲೆಯೊಂದಕ್ಕೆ ಹೋಗಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸಾರ್, ತಲೆನೋವಿನ ಮಾತ್ರೆ ನುಂಗಿದರೆ ಹೊಟ್ಟೆಗೆ ಹೋಗುತ್ತದೆ. ನೋವು ಇರುವುದು ತಲೆಯಲ್ಲಿ. ಮಾತ್ರೆಗೆ ತಲೆಯ ದಾರಿ ಹೇಗೆ ಗೊತ್ತು?” ಎಷ್ಟು ಒಳ್ಳೆಯ ಪ್ರಶ್ನೆ, ಅಲ್ಲವೇ?

ನಿಜ ಹೇಳಬೇಕೆಂದರೆ, ಮಾತ್ರೆಗೆ ದಾರಿ ಗೊತ್ತೇ ಇಲ್ಲ! ಅದು ಕರಗಿ, ಕರುಳಿನಿಂದ ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತುತ್ತದೆ. ನೋವಿರುವ ಕಡೆ ಅದರ ಕೆಲಸ ನಮ್ಮ ಅರಿವಿಗೆ ಬರುತ್ತದೆ.

ಇನ್ನೊಂದು ಸೋಜಿಗ ಕೇಳಿ. ಮೆದುಳಿಗೆ ತನ್ನದೇ ನೋವು ತಿಳಿಯದು. ತಲೆನೋವು ಬಂದಾಗ ನೋಯುವುದು ಮೆದುಳಿನ ಹೊದಿಕೆ, ರಕ್ತನಾಳಗಳು, ತಲೆ ಮತ್ತು ಕತ್ತಿನ ಸ್ನಾಯುಗಳು.

ನೋವು ಕಡಿಮೆಯಾಗುವುದು ಹೇಗೆ?

ಅಂಗಾಂಶಕ್ಕೆ ಪೆಟ್ಟಾದಾಗ ಅಥವಾ ಊತ ಬಂದಾಗ ದೇಹದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚು ತಯಾರಾಗುತ್ತವೆ. ಇವು ನರಗಳನ್ನು ಸೂಕ್ಷ್ಮಗೊಳಿಸುತ್ತವೆ. ಆಗ ನೋವು ಹೆಚ್ಚುತ್ತದೆ. ಆಸ್ಪಿರಿನ್ ಇವುಗಳ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು. ಐಬುಪ್ರೊಫೇನ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಪ್ಯಾರಾಸಿಟಮಾಲ್ ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿಯಲ್ಲಿ ನೋವನ್ನು ತಗ್ಗಿಸುತ್ತದೆ.

ಮೈಗ್ರೇನ್ ಬೇರೆ

ತಲೆ ಮಿಡಿದಂತೆ ನೋಯುವುದು, ವಾಕರಿಕೆ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು ಮೈಗ್ರೇನಿನ ಲಕ್ಷಣಗಳು. ಇದನ್ನು ಅರೆತಲೆನೋವು ಎನ್ನುತ್ತೇವೆ. ಆದರೆ ಮಕ್ಕಳಿಗೆ ಹಲವು ಸಲ ಎರಡೂ ಕಡೆ ನೋಯುತ್ತದೆ. ಸಾಮಾನ್ಯ ಮಾತ್ರೆ ಸಾಲದಿದ್ದಾಗ ವೈದ್ಯರು ಸುಮಾಟ್ರಿಪ್ಟಾನ್‌ನಂತಹ ಔಷಧಿ ಕೊಡುತ್ತಾರೆ. ಅದು ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸಿ, ನರಗಳಿಂದ ಹೊರಡುವ ನೋವಿನ ಸಂದೇಶವನ್ನು ತಡೆಯುತ್ತದೆ.

ಮೈಗ್ರೇನ್ ಪದೇ ಪದೇ ಬರುವವರಿಗೆ ಬಾರದಂತೆ ತಡೆಯುವ ಔಷಧಿಗಳೂ ಇವೆ. ಪ್ರೊಪ್ರನೊಲಾಲ್ ಅಂಥದ್ದು. 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಇದನ್ನು ರೂಪಿಸಿದ್ದು ಹೃದಯದ ಕಾಯಿಲೆಗಾಗಿ! ಇದು ಇಂದಿನ ನೋವನ್ನು ನಿಲ್ಲಿಸದು. ದಿನವೂ ಸೇವಿಸಿದರೆ ನೋವು ಬರುವ ದಿನಗಳು ಕಡಿಮೆಯಾಗುತ್ತವೆ.

ಔಷಧಿಯೇ ನೋವಾದಾಗ

ತಲೆನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗುತ್ತಾ ಬಂದರೆ, ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು! ಇನ್ನೊಂದು ಅಪಾಯ ಅಂಗಡಿಯ ಮಾತ್ರೆಗಳದ್ದು. ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಔಷಧಿ ಒಂದೇ ಇರಬಹುದು. ಜ್ವರಕ್ಕೊಂದು, ತಲೆನೋವಿಗೊಂದು ಎಂದು ನುಂಗಿದರೆ ಪ್ಯಾರಾಸಿಟಮಾಲ್ ಎರಡು ಪಟ್ಟು ಆದೀತು. ಪ್ರಮಾಣ ಮೀರಿದರೆ ಪಿತ್ತಜನಕಾಂಗಕ್ಕೆ ಹಾನಿ.

ನೆನಪಿಡಿ

• ಹಿರಿಯರಿಗೆ ಹೇಳದೆ ಮಾತ್ರೆ ನುಂಗಬೇಡಿ. ಮಕ್ಕಳ ಪ್ರಮಾಣವೇ ಬೇರೆ.
• ವೈದ್ಯರು ಹೇಳದ ಹೊರತು ಮಕ್ಕಳು ಆಸ್ಪಿರಿನ್ ಸೇವಿಸಬಾರದು. ಫ್ಲೂ, ಸೀತಾಳೆ ಸಿಡುಬು ಇದ್ದಾಗ ಸೇವಿಸಿದರೆ ರೇ ಸಿಂಡ್ರೋಮ್ ಎಂಬ ಅಪರೂಪದ, ಜೀವಕ್ಕೆ ಅಪಾಯ ತರುವ ಕಾಯಿಲೆ ಬರಬಹುದು.
• ಬೆಳಗಿನ ತಿಂಡಿ ಬಿಟ್ಟರೆ, ನೀರು ಕುಡಿಯದಿದ್ದರೆ, ನಿದ್ದೆಗೆಟ್ಟರೆ ತಲೆನೋವು ಬರಬಹುದು. ಮೊದಲು ಅವನ್ನು ಸರಿಪಡಿಸಿ.
• ತಲೆಗೆ ಪೆಟ್ಟು ಬಿದ್ದ ಮೇಲೆ ನೋವು, ಜ್ವರದೊಡನೆ ಕತ್ತು ಬಿಗಿತ, ಇದ್ದಕ್ಕಿದ್ದಂತೆ ತೀವ್ರ ನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾಡಿ ನೋಡಿ

ಮನೆಯಲ್ಲಿರುವ ಖಾಲಿ ಮಾತ್ರೆ ಹಾಳೆಗಳನ್ನು ಹಿರಿಯರ ಜೊತೆ ಕುಳಿತು ಓದಿ. ಮಾರಾಟದ ಹೆಸರಿನ ಬಳಿ ಔಷಧಿಯ ಹೆಸರು, ಮಿಲಿಗ್ರಾಂ, ಮುಗಿಯುವ ದಿನಾಂಕ ಇರುತ್ತವೆ. ಎಷ್ಟು ಹಾಳೆಗಳಲ್ಲಿ ಒಂದೇ ಔಷಧಿ ಇದೆ? ಪಟ್ಟಿ ಮಾಡಿ ತರಗತಿಯಲ್ಲಿ ಹೇಳಿ.